ಫಾಂಟ್ ಇಲ್ಲದಿದ್ದರೆ ಇಲ್ಲ ಎನ್ನಲಿ

ಪುತ್ತೂರು, ಸುಳ್ಯ, ಕಡಬ. ಈ ಮೂರು ಹೆಸರುಗಳನ್ನು ಒಂದು ಕಾಗದದ ಮೇಲೆ ಬರೆದು ನೋಡಿ. ಕಡಬದಲ್ಲಿ ಮೂರೇ ಅಕ್ಷರ. ಕೊಂಬಿಲ್ಲ, ದೀರ್ಘವಿಲ್ಲ, ಒತ್ತಿಲ್ಲ. ಸುಳ್ಯಕ್ಕೆ ಬಂದರೆ ಒಂದು ಕೊಂಬು ಮತ್ತು ಯಕಾರದ ಒತ್ತು. ಪುತ್ತೂರಿನಲ್ಲಂತೂ ಎರಡು ಕೊಂಬು, ನಡುವೆ ತಕಾರದ ಒತ್ತು, ಅದೇ ಅಕ್ಷರಕ್ಕೆ ದೀರ್ಘ. ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸಲು ನಮಗೆ ಬೇರೆ ವಾಕ್ಯ ಬೇಕಾಗಿಲ್ಲ. ಈ ಮೂರು ಊರುಗಳ ಹೆಸರೇ ಸಾಕು.

ಇವತ್ತು ನಾನು ಮಾತಾಡಲಿರುವುದು ಒಂದೇ ವಿಷಯ. ಪುಸ್ತಕದ ಪುಟ ಕಟ್ಟುವಾಗ ಬೇಕಾದ ಫಾಂಟ್ ಸಿಗದಿದ್ದರೆ, ಅಥವಾ ಫಾಂಟ್ ಇದ್ದೂ ಅದರೊಳಗೆ ಬೇಕಾದ ಅಕ್ಷರ ಇಲ್ಲದಿದ್ದರೆ ಏನು ಮಾಡಬೇಕು? ಯಂತ್ರ ನಿಂತು ಕೇಳಬೇಕೇ, ತನಗೆ ತೋಚಿದ್ದನ್ನು ಹಾಕಿ ಮುಂದೆ ಹೋಗಬೇಕೇ? ನಿಂತು ಕೇಳಬೇಕು ಎಂಬ ಪಕ್ಷ ನನ್ನದು. ಯಾಕೆಂದು ಹೇಳುತ್ತೇನೆ.

ಪುಟ ಕಟ್ಟುವುದು ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಡಿಟಿಪಿ ನೆನಪಾಗುತ್ತದೆ. ಬ್ರಹ್ಮಕಲಶದ ಆಮಂತ್ರಣ, ಸಹಕಾರಿ ಸಂಘದ ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ ಎಲ್ಲವೂ ಡಿಟಿಪಿ ಅಂಗಡಿಗಳಲ್ಲೇ ತಯಾರು. ಅಲ್ಲಿ ಪರದೆಯ ಮೇಲಿನ ಪುಟವನ್ನು ಕೈಯಿಂದ ಎಳೆದು, ಸರಿಸಿ ಜೋಡಿಸುತ್ತಾರೆ. ಇನ್ನೊಂದು ದಾರಿಯೂ ಇದೆ. ಪುಟ ಹೇಗಿರಬೇಕೆಂದು ಬರೆದೇ ತಿಳಿಸುವುದು. ಇದು ತಲೆಬರಹ, ಇದು ಅಡಿಟಿಪ್ಪಣಿ, ಅಕ್ಷರಕ್ಕೆ ಈ ಫಾಂಟ್ ಬಳಸು ಎಂದು ಕಡತದಲ್ಲಿ ಬರೆಯುತ್ತೇವೆ. ಯಂತ್ರ ಅದನ್ನು ಓದಿ ಪಿಡಿಎಫ್ ಮಾಡಿ ಕೊಡುತ್ತದೆ. ಇಂಥ ಭಾಷೆಗಳಲ್ಲಿ ಹೆಸರಾದದ್ದು ಟೆಕ್. ಅಮೆರಿಕದ ಡೊನಾಲ್ಡ್ ಕನೂತ್ ಅದನ್ನು ಶುರುಮಾಡಿದ್ದು 1977ರಲ್ಲಿ. ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡು ಬಂದಾಗ ಅಕ್ಷರಗಳು ಅವರಿಗೆ ಸಹಿಸಲಾರದಷ್ಟು ಕೆಟ್ಟದಾಗಿ ಕಂಡವು. ಆಮೇಲೆ ಅದರ ಮೇಲೆ ಲೇಟೆಕ್ ಬಂತು. 2023ರಲ್ಲಿ ಜರ್ಮನಿಯಿಂದ ಟಿಪ್‌ಸ್ಟ್ ಎಂಬ ಹೊಸ ಭಾಷೆ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಸುಳ್ಯ, ಪುತ್ತೂರಿನ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೆ ಈ ಹೆಸರುಗಳು ಹೊಸತಾಗಿರಲಾರವು. ಕನ್ನಡ ಪುಸ್ತಕವನ್ನೂ ಇವುಗಳಲ್ಲಿ ಚೆನ್ನಾಗಿ ಕಟ್ಟಬಹುದು ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ.

ಫಾಂಟ್ ಇಲ್ಲದ ತೊಂದರೆ ಈ ಭಾಷೆಗಳೊಂದಿಗೆ ಹುಟ್ಟಿದ್ದಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡಿದವರು ಇದನ್ನು ಬಲ್ಲರು. ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಡಬ ಎಂಬ ಹೆಸರು ಹೇಗೆ ಕಾಣುತ್ತದೆ? ಕೇಳಿ. ಮೊದಲು ಇಂಗ್ಲಿಷಿನ ದೊಡ್ಡ ಪಿ. ಪಕ್ಕದಲ್ಲಿ ತಲೆಯ ಮೇಲೆ ಓರೆ ಗೀಟು ಹೊತ್ತ ದೊಡ್ಡ ಎ. ಮತ್ತೆ ಸಣ್ಣ ಕ್ಯೂ. ಮತ್ತೆ ಅದೇ ಗೀಟಿನ ಎ. ಕೊನೆಯಲ್ಲಿ, ಕಾನೂನು ಪುಸ್ತಕಗಳಲ್ಲಿ ಕಲಮಿನ ಸಂಖ್ಯೆಗೆ ಮೊದಲು ಹಾಕುವ ಸುರುಳಿ ಗುರುತು. ಊರಿನ ಹೆಸರು ಪೂರ್ತಿ ಮಾಯ. ಆದರೆ ಅದರಲ್ಲಿ ಒಂದು ಒಳ್ಳೆಯದಿತ್ತು. ಕೆಟ್ಟದ್ದು ಕಣ್ಣಿಗೆ ರಾಚುತ್ತಿತ್ತು. ಅದನ್ನು ಹಾಗೆಯೇ ಯಾರೂ ಅಚ್ಚಿಗೆ ಕಳಿಸುತ್ತಿರಲಿಲ್ಲ.

ಯೂನಿಕೋಡ್ ಬಂದ ಮೇಲೆ ಆ ಗೋಜಲು ಹೋಯಿತು. ಈಗ ಕ ಎಂದರೆ ಎಲ್ಲ ಕಂಪ್ಯೂಟರಿಗೂ ಕ. ಆದರೆ ಅದಕ್ಕೆ ಆಕಾರ ಕೊಡುವುದು ಇನ್ನೂ ಫಾಂಟೇ. ಆದ್ದರಿಂದ ಕೊರತೆ ನಿಂತಿಲ್ಲ. ಸದ್ದಿಲ್ಲದೆ ನಡೆಯುತ್ತದೆ, ಅಷ್ಟೆ.

ಇಷ್ಟು ಹೊತ್ತು ಪೀಠಿಕೆಯಾಯಿತು. ಪುಟ ಕಟ್ಟುವ ಭಾಷೆ ಎಂದರೇನು, ಫಾಂಟ್ ಇಲ್ಲದಿದ್ದರೆ ಹಿಂದೆ ಏನಾಗುತ್ತಿತ್ತು ಎಂದು ನೋಡಿದೆವು. ಇನ್ನು ಈಗಿನ ಕೊರತೆಗಳಿಗೆ ಬರೋಣ. ಮೊದಲಿಗೆ, ಕೇಳಿದ ಫಾಂಟೇ ಕಂಪ್ಯೂಟರಿನಲ್ಲಿ ಇಲ್ಲದಿರುವುದು.

ಕನ್ನಡಕ್ಕೆ ವಿಂಡೋಸ್ ಜೊತೆ ಬರುತ್ತಿದ್ದ ಫಾಂಟ್ ತುಂಗಾ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಎಷ್ಟೋ ಕಡತಗಳಲ್ಲಿ ಆ ಹೆಸರೇ ಇದೆ. ಮುಂದೆ ನಿರ್ಮಲಾ ಎಂಬ ಫಾಂಟ್ ಬಂತು. ವಿಂಡೋಸ್ 10ರಿಂದ ಈಚೆಗೆ ತುಂಗಾ ತಾನಾಗಿ ಇರುವುದಿಲ್ಲ. ಬೇಕಿದ್ದವರು ಬೇರೆಯಾಗಿ ಹಾಕಿಸಿಕೊಳ್ಳಬೇಕು. ಲಿನಕ್ಸ್ ಕಂಪ್ಯೂಟರಿನಲ್ಲಿ ತುಂಗಾವೂ ಇಲ್ಲ, ನಿರ್ಮಲಾವೂ ಇಲ್ಲ. ಆಪಲ್ ಕಂಪ್ಯೂಟರಿನಲ್ಲಿ ಹೆಸರುಗಳೇ ಬೇರೆ. ಹೀಗಾಗಿ ಸುಳ್ಯದಲ್ಲಿ ಸರಿಯಾಗಿದ್ದ ಕಡತ ಪುತ್ತೂರಿಗೆ ಬಂದಾಗ ತಕರಾರು ಮಾಡುತ್ತದೆ. ಇದರಲ್ಲಿ ಟೈಪ್ ಮಾಡಿದವರ ತಪ್ಪೇನೂ ಇಲ್ಲ.

ಇಲ್ಲಿ ಎರಡು ಭಾಷೆಗಳ ನಡವಳಿಕೆ ಬೇರೆ ಬೇರೆ. ಲೇಟೆಕ್‌ನಲ್ಲಿ ಹೆಸರು ಹೇಳಿ ಫಾಂಟ್ ಕರೆದಾಗ ಅದು ಸಿಗದಿದ್ದರೆ ಕೆಲಸ ನಿಲ್ಲುತ್ತದೆ. ಇಂಥ ಫಾಂಟ್ ಸಿಗಲಿಲ್ಲ ಎಂದು ಪರದೆಯ ಮೇಲೆ ಬರುತ್ತದೆ. ಟಿಪ್‌ಸ್ಟ್ ನಿಲ್ಲುವುದಿಲ್ಲ. ಈ ಫಾಂಟ್ ಪರಿಚಯವಿಲ್ಲ ಎಂದು ಒಂದು ಸಾಲು ಎಚ್ಚರಿಕೆ ಕೊಟ್ಟು, ಕನ್ನಡ ಇರುವ ಬೇರೆ ಫಾಂಟ್ ಹುಡುಕಿ ಪಿಡಿಎಫ್ ಮಾಡಿಬಿಡುತ್ತದೆ. ಕೆಲಸ ಮುಗಿದ ಖುಷಿಯಲ್ಲಿ ಆ ಸಾಲನ್ನು ಯಾರು ಓದುತ್ತಾರೆ? ನನಗೆ ಲೇಟೆಕ್‌ನ ಸಿಡುಕೇ ಹಿಡಿಸುತ್ತದೆ.

ಸಂದೇಶ ಬಂದಾಗ ಗಾಬರಿ ಬೇಡ. ಅದರಲ್ಲಿರುವ ಹೆಸರನ್ನು ಅಕ್ಷರಕ್ಷರ ಓದಿ. ಎಷ್ಟೋ ಸಲ ಹೆಸರಿನಲ್ಲೇ ವ್ಯತ್ಯಾಸ ಇರುತ್ತದೆ. ಫಾಂಟಿನ ಕಡತದ ಹೆಸರು ಒಂದು, ಫಾಂಟ್ ತನ್ನೊಳಗೆ ಇಟ್ಟುಕೊಂಡ ಹೆಸರು ಇನ್ನೊಂದು. ನೋಟೋ ಸ್ಯಾನ್ಸ್ ಕನ್ನಡ ಎಂಬುದನ್ನೇ ನೋಡಿ. ಕಡತದ ಹೆಸರಿನಲ್ಲಿ ಪದಗಳ ನಡುವೆ ಜಾಗವಿಲ್ಲ. ಫಾಂಟಿನ ಹೆಸರಿನಲ್ಲಿ ಜಾಗವಿದೆ. ಯಂತ್ರಕ್ಕೆ ಅವೆರಡೂ ಒಂದಲ್ಲ. ತನಗೆ ಕಾಣುವ ಫಾಂಟುಗಳ ಪಟ್ಟಿ ಕೊಡು ಎಂದು ಟಿಪ್‌ಸ್ಟನ್ನು ಒಂದೇ ಆಜ್ಞೆಯಲ್ಲಿ ಕೇಳಬಹುದು. ಲಿನಕ್ಸಿನಲ್ಲೂ ಅಂಥದೇ ಆಜ್ಞೆ ಇದೆ. ಪಟ್ಟಿಯಲ್ಲಿ ಇರುವ ಹೆಸರನ್ನು ಇದ್ದ ಹಾಗೇ ಬರೆಯಿರಿ.

ಇನ್ನೂ ಭದ್ರವಾದ ಉಪಾಯವೆಂದರೆ ಫಾಂಟನ್ನು ಪುಸ್ತಕದ ಕಡತದ ಜೊತೆಯಲ್ಲೇ ಒಂದು ಫೋಲ್ಡರಿನಲ್ಲಿ ಇಡುವುದು. ಅಲ್ಲಿಂದಲೇ ತೆಗೆದುಕೋ ಎಂದು ಎರಡೂ ಭಾಷೆಗಳಲ್ಲಿ ಹೇಳಬಹುದು. ಆಗ ಕಡತ ಎಲ್ಲಿ ಹೋದರೂ ಫಾಂಟ್ ಜೊತೆಗೇ ಹೋಗುತ್ತದೆ. ಆದರೆ ತುಂಗಾ, ನಿರ್ಮಲಾಗಳನ್ನು ಹಾಗೆ ಹಂಚುವ ಹಕ್ಕು ನಮಗಿಲ್ಲ. ಅವು ವಿಂಡೋಸ್ ಪರವಾನಗಿಗೆ ಸೇರಿದವು. ನೋಟೋ, ಅನೇಕ್, ತಿರೋ ಮುಂತಾದ ಮುಕ್ತ ಪರವಾನಗಿಯ ಕನ್ನಡ ಫಾಂಟುಗಳನ್ನು ಧಾರಾಳವಾಗಿ ಹಂಚಬಹುದು. ಊರಿನ ಪುಸ್ತಕಗಳಿಗೆ ಇವುಗಳಲ್ಲೇ ಒಂದನ್ನು ಆರಿಸಿ ಎಂದು ನಾನು ಹೇಳುತ್ತ ಬಂದಿದ್ದೇನೆ.

ಇಲ್ಲಿಯವರೆಗೆ ಫಾಂಟೇ ಇಲ್ಲದ ಕಥೆ. ಸಂದೇಶ ಓದುವುದು, ಹೆಸರು ಸರಿಮಾಡುವುದು, ಫಾಂಟನ್ನು ಜೊತೆಗಿಡುವುದು. ಇದು ಸುಲಭ. ಇನ್ನು ಹೇಳುವುದು ಕಷ್ಟದ್ದು. ಫಾಂಟ್ ಇದೆ, ಆದರೆ ಅದರೊಳಗೆ ಆ ಒಂದು ಅಕ್ಷರ ಇಲ್ಲ.

ಮೊಳೆ ಜೋಡಿಸುವ ಕಾಲವನ್ನು ನೆನಪಿಸಿಕೊಳ್ಳಿ. ಶಿವರಾಮ ಕಾರಂತರು ಪುತ್ತೂರಿನಲ್ಲಿದ್ದಾಗ ತಮ್ಮದೇ ಮುದ್ರಣಾಲಯ ನಡೆಸಿದವರು. ಸೀಸದ ಒಂದೊಂದೇ ಅಚ್ಚುಮೊಳೆ ಹೆಕ್ಕಿ ಸಾಲು ಕಟ್ಟುವ ದಿನಗಳವು. ಅಚ್ಚುಮೊಳೆಯ ಕೆಲಸದಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಬೇಕಾದ ಅಕ್ಷರದ ಮೊಳೆ ಮುಗಿದುಹೋದರೆ ಆ ಜಾಗ ಖಾಲಿ ಬಿಡುತ್ತಿರಲಿಲ್ಲ. ಅಷ್ಟೇ ದಪ್ಪದ ಬೇರೆ ಮೊಳೆಯೊಂದನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಕರಡು ತೆಗೆದಾಗ ಅಲ್ಲಿ ಮೊಳೆಯ ಬುಡ ಒತ್ತಿ ಕಪ್ಪು ಗುರುತು ಮೂಡುತ್ತಿತ್ತು. ಕರಡು ತಿದ್ದುವವರು ಅದನ್ನು ದಾಟಿ ಹೋಗುವ ಹಾಗೇ ಇಲ್ಲ. ಇಲ್ಲಿ ಒಂದು ಅಕ್ಷರ ಬಾಕಿ ಇದೆ ಎಂದು ಪುಟವೇ ಹೇಳುತ್ತಿತ್ತು.

ಟೆಕ್ ಇದಕ್ಕೆ ತೀರಾ ವಿರುದ್ಧವಾಗಿ ನಡೆದುಕೊಳ್ಳುತ್ತಿತ್ತು. ಫಾಂಟಿನಲ್ಲಿ ಅಕ್ಷರ ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುವುದು. ಕೆಲಸದ ದಾಖಲೆ ಬರೆಯುವ ಲಾಗ್ ಕಡತದಲ್ಲಿ ಒಂದು ಸಾಲು ಸೇರಿಸುವುದು. ಅಷ್ಟೆ. ಇದರ ವಿಪರೀತ ಎಷ್ಟೆಂದರೆ, ಟೆಕ್‌ನ ಕೆಲವು ರೂಪಗಳಿಗೆ ಫಾಂಟ್ ಯಾವುದೆಂದು ಹೇಳದೆ ಹತ್ತು ಪುಟ ಕನ್ನಡ ಬರೆದು ಕೊಟ್ಟರೂ ಯಂತ್ರ ನಿಲ್ಲುವುದಿಲ್ಲ. ಅದರ ಮಾಮೂಲಿ ಫಾಂಟಿನಲ್ಲಿ ಕನ್ನಡವೇ ಇಲ್ಲ. ಪಿಡಿಎಫ್ ತಯಾರಾಗುತ್ತದೆ. ತೆರೆದರೆ ಹೆಚ್ಚುಕಡಿಮೆ ಖಾಲಿ ಹಾಳೆ, ಅಲ್ಲಲ್ಲಿ ವಿರಾಮ ಚಿಹ್ನೆಗಳು, ಕೆಳಗೆ ಪುಟಸಂಖ್ಯೆ ಮಾತ್ರ. ಇಡೀ ಪುಟ ಖಾಲಿಯಾದರೆ ಯಾರಿಗೂ ಗೊತ್ತಾಗುತ್ತದೆ. ಇನ್ನೂರು ಪುಟದ ಪುಸ್ತಕದಲ್ಲಿ ಒಂದು ಚಿಹ್ನೆ ಮಾತ್ರ ಬಿದ್ದುಹೋದರೆ?

ಇದಕ್ಕೆ ಮದ್ದಿದೆ. ಬಿಟ್ಟುಹೋದ ಅಕ್ಷರಗಳ ಮೇಲೆ ಕಣ್ಣಿಡುವ ಒಂದು ಹೊಂದಿಕೆ ಟೆಕ್‌ನಲ್ಲಿದೆ. ಟ್ರೇಸಿಂಗ್ ಲಾಸ್ಟ್ ಕ್ಯಾರೆಕ್ಟರ್ಸ್ ಎಂಬುದರ ಸಂಕ್ಷಿಪ್ತ ರೂಪವೇ ಅದರ ಹೆಸರು. ಒಂದು ಎಂದಿಟ್ಟರೆ ಲಾಗ್ ಕಡತದಲ್ಲಿ ಮಾತ್ರ ಬರೆಯುತ್ತದೆ. ಎರಡು ಎಂದಿಟ್ಟರೆ ಪರದೆಯ ಮೇಲೂ ತೋರಿಸುತ್ತದೆ. 2021ರ ಆವೃತ್ತಿಯಿಂದ ಮೂರು ಎಂದಿಡಲು ಸಾಧ್ಯವಾಗಿದೆ. ಆಗ ಅದನ್ನು ತಪ್ಪು ಎಂದೇ ಎಣಿಸಿ ಯಂತ್ರ ನಿಲ್ಲುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರು ಕಡತದ ಮೇಲ್ಗಡೆಯೇ ಮೂರು ಎಂದು ಬರೆದುಬಿಡಿ. ಟಿಪ್‌ಸ್ಟ್‌ನಲ್ಲಿ ಬದಲಿ ಫಾಂಟ್ ಬೇಡ ಎಂದು ಹೇಳುವ ಹೊಂದಿಕೆ ಇದೆ. ಬೇಡ ಎಂದರೆ ಇಲ್ಲದ ಅಕ್ಷರದ ಜಾಗದಲ್ಲಿ ಸಾಮಾನ್ಯವಾಗಿ ಒಂದು ಖಾಲಿ ಚೌಕ ಕಾಣುತ್ತದೆ. ನೋಡಲು ಚಂದವಿಲ್ಲ. ಆದರೆ ಆ ಚೌಕ ಮಾಡುವುದು ತಲೆಕೆಳಗಾದ ಮೊಳೆಯ ಕೆಲಸವನ್ನೇ.

ಈಗ ಹೇಳಿದ್ದು ಒಂದೇ ಮಾತು: ಅಕ್ಷರ ಇಲ್ಲದಿದ್ದರೆ ಅದು ಕಾಣುವಂತೆ ಮಾಡಿ. ಇದನ್ನು ನಾನು ಇಷ್ಟು ಒತ್ತಿ ಹೇಳಲು ನಮ್ಮ ಮಣ್ಣಿನದೇ ಕಾರಣ ಇದೆ.

ನಮ್ಮ ಮೂರು ತಾಲೂಕುಗಳಲ್ಲಿ ಆಡುವ ಹವ್ಯಕ ಕನ್ನಡವನ್ನು ಕೇಳಿ. 'ಅವ° ಬಂದ°' ಎನ್ನುವಾಗ ಕೊನೆಯ ಸ್ವರ ಮೂಗಿನಲ್ಲಿ ಸಣ್ಣಗೆ ಅನುರಣಿಸುತ್ತದೆ. ರೇಡಿಯೋದಲ್ಲಿ ನಿಮಗದು ಕೇಳಿಸಿತು. ಬರೆಯುವುದು ಹೇಗೆ? ಸೊನ್ನೆ ಹಾಕಿದರೆ ಅನುಸ್ವಾರವಾಗಿ ಬೇರೆಯೇ ಉಚ್ಚಾರ ಆಗುತ್ತದೆ. ಏನೂ ಹಾಕದಿದ್ದರೆ ಹವ್ಯಕದ ಸೊಗಸು ಹೋಗುತ್ತದೆ. ಅದಕ್ಕೆ ಹವ್ಯಕದಲ್ಲಿ ಬರೆಯುವವರು ಅಕ್ಷರದ ಬಲ ಮೇಲ್ತುದಿಯಲ್ಲಿ ಒಂದು ಪುಟ್ಟ ಸೊನ್ನೆ ಇಡುತ್ತಾರೆ. ಕಂಪ್ಯೂಟರಿನಲ್ಲಿ ಅದಕ್ಕೆ ಪ್ರತ್ಯೇಕ ಚಿಹ್ನೆ ಇರಲಿಲ್ಲ. ಹಾಗಾಗಿ ಉಷ್ಣತೆ ಬರೆಯುವಾಗ ಹಾಕುವ ಡಿಗ್ರಿ ಗುರುತನ್ನು ಎರವಲು ತಂದರು. ಈಗ ನಾನು ಓದುತ್ತಿರುವ ಈ ಹಾಳೆಯಲ್ಲೂ ಅದೇ ಎರವಲು ಗುರುತಿದೆ.

ಕಣ್ಣಿಗೆ ಅದು ಸರಿಯೇ. ಯಂತ್ರಕ್ಕೆ ಸರಿಯಲ್ಲ. ಯಂತ್ರದ ಲೆಕ್ಕದಲ್ಲಿ ಡಿಗ್ರಿ ಅಕ್ಷರವಲ್ಲ, ಗುರುತು. ಪದ ಅಲ್ಲಿಗೆ ಮುಗಿಯಿತು ಎಂದು ಅದು ಭಾವಿಸುತ್ತದೆ. ಹುಡುಕುವಾಗ, ಅಕಾರಾದಿ ಜೋಡಿಸುವಾಗ ಎಡವಟ್ಟಾಗುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಡಿಗ್ರಿ ಎಂದೇ ಓದಬಹುದು. ಎಷ್ಟೋ ಸಲ ಆ ಗುರುತು ಕನ್ನಡ ಫಾಂಟಿನದ್ದಾಗಿರದೆ ಬೇರೆ ಫಾಂಟಿನಿಂದ ಬಂದು, ಅಕ್ಷರದಿಂದ ದೂರ ನಿಂತಿರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ ಹದಿನೈದನೆಯ ಆವೃತ್ತಿ ಬಂತು. ಅದರಲ್ಲಿ ಕನ್ನಡ ಲಿಪಿಗೆ ಒಂದು ಹೊಸ ಚಿಹ್ನೆ ಸೇರಿತು. ಅಕ್ಷರದ ಮೇಲೆ ಬಲಕ್ಕೆ ಕೂರುವ ಅನುಸ್ವಾರ. ಕೊಂಕಣಿ, ಉತ್ತರ ಭಾರತದ ಅವಧಿ ಭಾಷೆ ಮತ್ತು ಹವ್ಯಕ ಕನ್ನಡವನ್ನು ಕನ್ನಡ ಲಿಪಿಯಲ್ಲಿ ಬರೆಯಲು ಎಂದೇ ಅದನ್ನು ಸೇರಿಸಿದರು. ನಮ್ಮ ಅಡಿಕೆ ತೋಟಗಳ ನಡುವಿನ ಮನೆಮಾತಿಗೆ ಜಗತ್ತಿನ ಲಿಪಿಗಳ ಪಟ್ಟಿಯಲ್ಲಿ ಒಂದು ಜಾಗ ಸಿಕ್ಕಿತು. ಇದು ಸಣ್ಣ ಸಂಗತಿಯಲ್ಲ.

ಆದರೆ ಪಟ್ಟಿಯಲ್ಲಿ ಜಾಗ ಸಿಕ್ಕರೆ ಆಕಾರ ಸಿಕ್ಕಿದಂತಲ್ಲ. 2022ಕ್ಕೆ ಮೊದಲು ತಯಾರಾದ ಕನ್ನಡ ಫಾಂಟಿನಲ್ಲಿ ಆ ಚಿಹ್ನೆ ಇರಲಿಕ್ಕಿಲ್ಲ. ನಾವು ದಿನಾ ಬಳಸುವ ಫಾಂಟುಗಳಲ್ಲಿ ಹೆಚ್ಚಿನವು ಹಳೆಯವೇ. ಸರಿ, ಒಬ್ಬರು ಶ್ರದ್ಧೆಯಿಂದ ಹೊಸ ಚಿಹ್ನೆಯನ್ನೇ ಬಳಸಿ ಹವ್ಯಕ ಕಥೆಗಳ ಪುಸ್ತಕ ಟೈಪ್ ಮಾಡಿದರು ಎಂದುಕೊಳ್ಳಿ. ಸುಮ್ಮನಿರುವ ಯಂತ್ರದಲ್ಲಿ ಆ ಚಿಹ್ನೆ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಉಳಿಯುವುದು 'ಅವ ಬಂದ'. ಕರಡು ನೋಡುವವರಿಗೆ ಸಂಶಯವೇ ಬರುವುದಿಲ್ಲ, ಯಾಕೆಂದರೆ ಅದೂ ಕನ್ನಡವೇ. ಒಂದು ಮನೆಮಾತಿನ ನಾದ ಪುಸ್ತಕದ ತುಂಬ ಅಳಿಸಿಹೋಗಿರುತ್ತದೆ, ತಪ್ಪು ಮಾತ್ರ ಎಲ್ಲೂ ಕಾಣುವುದಿಲ್ಲ. ಯಂತ್ರ ನಿಂತು ಕೇಳಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹವ್ಯಕಕ್ಕೆ ಮಾತ್ರ ಈ ಪಾಡು ಎಂದು ತಿಳಿಯಬೇಡಿ. ತುಳು ಲಿಪಿ ಯೂನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, ತುಳು-ತಿಗಳಾರಿ ಎಂಬ ಹೆಸರಿನಲ್ಲಿ. ಸುಮಾರು 80 ಅಕ್ಷರ, ಚಿಹ್ನೆಗಳು. ಅದಕ್ಕೆ ಹೊಂದುವ ಫಾಂಟ್ ಇಲ್ಲದ ಫೋನಿನಲ್ಲಿ ತುಳು ಲಿಪಿಯ ಒಂದು ಸಾಲು ಸಾಲುಗಟ್ಟಿದ ಖಾಲಿ ಚೌಕಗಳಾಗಿ ಕಾಣುತ್ತದೆ.

ಛಂದಸ್ಸಿನ ಪುಸ್ತಕಗಳ ಕಷ್ಟ ಇನ್ನೊಂದು ಬಗೆಯದು. ಪುತ್ತೂರಿನ ಕಡೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರು ಕನ್ನಡ ಛಂದಸ್ಸಿನ ಬಗ್ಗೆ ಆಳವಾಗಿ ಬರೆದವರು. ಅಂಥ ಪುಸ್ತಕದಲ್ಲಿ ಅಕ್ಷರಗಳ ತಲೆಯ ಮೇಲೆ ಲಘುವಿಗೆ ಬಟ್ಟಲಿನಾಕಾರದ ಗುರುತು, ಗುರುವಿಗೆ ಅಡ್ಡಗೀಟು ಬೇಕು. ಎಷ್ಟೋ ಕನ್ನಡ ಫಾಂಟುಗಳಲ್ಲಿ ಲಘುವಿನ ಆ ಗುರುತು ಇರುವುದಿಲ್ಲ. ಅದು ಬಿದ್ದುಹೋದರೆ ಮಾತ್ರೆಯ ಲೆಕ್ಕವೇ ತಪ್ಪುತ್ತದೆ. ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದವರು. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು ಸೇಡಿಯಾಪು. ಲಘು ಗುರುಗಳನ್ನು ಬಿಡಿಸಿ ನೋಡಿದ ವಿದ್ವಾಂಸರ ಹೆಸರು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ತಂತ್ರಾಂಶಕ್ಕೆ ಬಂತೆಂಬುದು ನನಗೆ ಬಹಳ ಮೆಚ್ಚಿಗೆಯ ಸಂಗತಿ.

ಹಾಗಾದರೆ ಬದಲಿ ಫಾಂಟ್ ಬೇಡವೇ ಬೇಡವೇ? ಹಾಗಲ್ಲ. ಯಕ್ಷಗಾನದಲ್ಲಿ ಒಬ್ಬ ಕಲಾವಿದರು ಬಾರದಿದ್ದರೆ ಇನ್ನೊಬ್ಬರು ಆ ವೇಷ ಕಟ್ಟುತ್ತಾರೆ. ಯಾರು ಕಟ್ಟಬೇಕೆಂದು ಮೊದಲೇ ನಿರ್ಧಾರವಾಗಿರುತ್ತದೆ, ಭಾಗವತರಿಗೆ ಗೊತ್ತಿರುತ್ತದೆ. ಬದಲಿ ಫಾಂಟೂ ಹಾಗೇ ಬರಲಿ. ಮೊದಲು ಈ ಫಾಂಟ್ ನೋಡು, ಅದರಲ್ಲಿಲ್ಲದ ಅಕ್ಷರಕ್ಕೆ ಆ ಫಾಂಟ್ ಬಳಸು ಎಂದು ಟಿಪ್‌ಸ್ಟ್‌ನಲ್ಲಿ ಸಾಲಾಗಿ ಬರೆಯಬಹುದು. ಲೇಟೆಕ್‌ನಲ್ಲಿ ಇಂಥ ಫಾಂಟ್ ಇದೆಯೇ ಎಂದು ಕೇಳಿ, ಇದ್ದರೆ ಇದು, ಇಲ್ಲದಿದ್ದರೆ ಅದು ಎಂದು ಕವಲು ಹಾಕಬಹುದು. ಬದಲಿಯನ್ನು ಆರಿಸುವವರು ನಾವಾಗಿರಬೇಕು.

ಫಾಂಟ್ ಇಲ್ಲದ ಕೊರತೆ ನೋಡಿದೆವು, ಅಕ್ಷರ ಇಲ್ಲದ ಕೊರತೆ ನೋಡಿದೆವು. ಇನ್ನೊಂದು ಚಿಕ್ಕದಿದೆ. ಫಾಂಟೂ ಇದೆ, ಅಕ್ಷರವೂ ಇದೆ, ಆದರೆ ಕೂಡಿಕೊಳ್ಳುವುದಿಲ್ಲ. ಟೆಕ್‌ನ ಕೆಲವು ರೂಪಗಳಲ್ಲಿ ಲಿಪಿ ಕನ್ನಡ ಎಂದು ಹೇಳದಿದ್ದರೆ ಹೀಗಾಗುತ್ತದೆ. ಆಗ ಕಡಬ ಚೆನ್ನಾಗಿಯೇ ಕಾಣುತ್ತದೆ. ಸುಳ್ಯದಲ್ಲಿ ಯಕಾರ ಕೆಳಗಿಳಿಯದೆ ಪಕ್ಕದಲ್ಲಿ ಪೂರ್ತಿಯಾಗಿ ನಿಲ್ಲುತ್ತದೆ. ಪುತ್ತೂರು ಅರ್ಧ ತಕಾರದಲ್ಲಿ ಮುರಿದು ಎರಡು ತುಂಡಾಗುತ್ತದೆ. ಇದಕ್ಕೆ ಯಂತ್ರ ಯಾವ ಸಂದೇಶವನ್ನೂ ಕೊಡುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಏನೂ ಕಾಣೆಯಾಗಿಲ್ಲ. ಇಲ್ಲಿ ಕಣ್ಣೇ ಗತಿ. ಅದಕ್ಕೆಂದೇ ಶುರುವಿನಲ್ಲಿ ಆ ಮೂರು ಹೆಸರುಗಳನ್ನು ಹೇಳಿದ್ದು. ಪುಸ್ತಕದ ಮೊದಲ ಪುಟದಲ್ಲೇ ಮೂರನ್ನೂ ಬರೆದು ನೋಡಿ. ಕಡಬ ಒಂದನ್ನೇ ನೋಡಿ ಸಮಾಧಾನಪಡಬೇಡಿ.

ಪುಸ್ತಕ ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಮುದ್ರಣಕ್ಕೆ ಮಂಗಳೂರಿಗೋ ಬೆಂಗಳೂರಿಗೋ ಕಳಿಸುವ ಮೊದಲು ಪಿಡಿಎಫ್ ತೆರೆಯಿರಿ. ಅದರ ಗುಣಲಕ್ಷಣಗಳಲ್ಲಿ ಫಾಂಟುಗಳ ಪಟ್ಟಿ ಇರುತ್ತದೆ. ಪ್ರತಿ ಹೆಸರಿನ ಪಕ್ಕದಲ್ಲೂ ಫಾಂಟ್ ಒಳಗೆ ಅಡಕವಾಗಿದೆ ಎಂಬ ಮಾತು ಇರಬೇಕು. ಟೆಕ್‌ನ ಈಗಿನ ರೂಪಗಳೂ ಟಿಪ್‌ಸ್ಟೂ ಅದನ್ನು ತಾವೇ ಅಡಕ ಮಾಡುತ್ತವೆ. ಆಮೇಲೆ ಹೆಸರುಗಳನ್ನು ಓದಿ. ನೀವು ಹೇಳದ ಫಾಂಟೊಂದು ಆ ಪಟ್ಟಿಯಲ್ಲಿದ್ದರೆ ಎಲ್ಲೋ ಒಂದು ಅಕ್ಷರಕ್ಕೆ ನಿಮ್ಮ ಫಾಂಟಿನಲ್ಲಿ ಜಾಗ ಸಿಗಲಿಲ್ಲ ಎಂದಿರಬಹುದು. ಅದು ಯಾವ ಅಕ್ಷರ ಎಂದು ಹುಡುಕಿ. ಐದು ನಿಮಿಷದ ಕೆಲಸ. ಸಾವಿರ ಪ್ರತಿ ಅಚ್ಚಾದ ಮೇಲೆ ಕಂಡರೆ ಏನೂ ಮಾಡಲಾಗದು.

ಕೊನೆಯದಾಗಿ, ಹವ್ಯಕದಲ್ಲಿ ಬರೆಯುವ ಕೇಳುಗರಿಗೆ ಒಂದು ವಿನಂತಿ. ಮುಕ್ತ ಫಾಂಟುಗಳನ್ನು ಮಾಡುವವರು ಬಳಸುವವರ ಪತ್ರಗಳನ್ನು ಓದುತ್ತಾರೆ. ಯಾರೂ ಕೇಳದಿದ್ದರೆ ಒಂದು ಚಿಹ್ನೆಗಾಗಿ ಅವರು ಕುಳಿತು ಕೆಲಸ ಮಾಡಲಾರರು. ನೀವು ಬಳಸುವ ಫಾಂಟಿನಲ್ಲಿ ಈ ಚಿಹ್ನೆ ಇಲ್ಲದಿದ್ದರೆ ಅದನ್ನು ಮಾಡಿದವರಿಗೆ ಬರೆಯಿರಿ. ಜೊತೆಗೆ ಹತ್ತಾರು ಹವ್ಯಕ ಪದಗಳನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು ಕಳಿಸಿ. ಚಿಹ್ನೆ ಅಕ್ಷರಕ್ಕೆ ಎಷ್ಟು ಹತ್ತಿರ, ಎಷ್ಟು ಎತ್ತರದಲ್ಲಿ ಕೂರಬೇಕೆಂದು ಅವರಿಗೆ ತಿಳಿಯಲಿ. ಕೊಂಬು, ದೀರ್ಘ, ಒತ್ತು ಇರುವ ಅಕ್ಷರಗಳ ಜೊತೆ ಅದು ಹೇಗಿರಬೇಕು ಎಂಬುದನ್ನೂ ತೋರಿಸಿ. ಅದನ್ನು ಹೇಳಬಲ್ಲವರು ದಿನಾ ಬರೆಯುವ ನೀವೇ.

ಆ ಚಿಹ್ನೆಯ ಯೂನಿಕೋಡ್ ಸಂಖ್ಯೆಯನ್ನು ಪತ್ರದಲ್ಲಿ ತಪ್ಪದೆ ಕಾಣಿಸಿ. ಪೆನ್ನು ಹತ್ತಿರ ಇದ್ದವರು ಬರೆದುಕೊಳ್ಳಿ, ಎರಡು ಸಲ ಹೇಳುತ್ತೇನೆ. ಸೊನ್ನೆ, ಸಿ, ಎಫ್, ಮೂರು. ಇನ್ನೊಮ್ಮೆ: ಸೊನ್ನೆ, ಸಿ, ಎಫ್, ಮೂರು.